ಪ್ಯಾಕೆಟ್ ಮೇಲಿನ ತಾರೀಖು ಓದುವುದು ಹೇಗೆ?

ಮೊನ್ನೆ ಉಪ್ಪಿಟ್ಟಿಗೆ ಅಂತ ರವೆ ಪ್ಯಾಕೆಟ್ ತೆಗೆದರೆ ಒಳಗೆ ಹುಳ ಓಡಾಡುತ್ತಿದ್ದವು. ತಾರೀಖು ನೋಡಿದೆ, ಮುಗಿಯಲು ಇನ್ನೂ ಎರಡು ತಿಂಗಳಿತ್ತು. ಅಂಗಡಿಯವರಿಗೆ ಬೈಯಲು ಹೊರಟವಳಿಗೆ ಆಮೇಲೆ ಹೊಳೆಯಿತು, ಪ್ಯಾಕೆಟ್ ಒಡೆದೇ ಒಂದೂವರೆ ತಿಂಗಳಾಗಿದೆ, ಬಾಯಿಗೆ ರಬ್ಬರ್ ಬ್ಯಾಂಡ್ ಕೂಡ ಹಾಕಿರಲಿಲ್ಲ. ಆ ತಾರೀಖು ಇರುವುದು ಒಡೆಯದ ಪ್ಯಾಕೆಟ್‌ಗೆ!

ಮೊದಲು ತಾರೀಖು ಹುಡುಕಿ. ಬಿಸ್ಕತ್ತಿನಲ್ಲಿ ಅಂಟಿಸಿದ ಅಂಚಿನ ಹತ್ತಿರ, ಬಾಟಲಿಯಲ್ಲಿ ಮುಚ್ಚಳದ ಮೇಲೋ ಕತ್ತಿನ ಬಳಿಯೋ ಇರುತ್ತದೆ. ನಮ್ಮಲ್ಲಿ ದಿನ ಮೊದಲು, ಅಂದರೆ 03/04 ಎಂದರೆ ಏಪ್ರಿಲ್ 3. ಅಮೆರಿಕದಿಂದ ತಂದ ಚಾಕೊಲೇಟಾದರೆ ತಿಂಗಳು ಮೊದಲು, ಅದೇ ಮಾರ್ಚ್ 4 ಆಗುತ್ತದೆ.

ಈಗ ತಾರೀಖಿನ ಪಕ್ಕದ ಪದ ನೋಡಿ, ಅಸಲಿ ವಿಷಯ ಇರುವುದು ಅಲ್ಲೇ. 'ಎಕ್ಸ್‌ಪೈರಿ' ಅಥವಾ 'ಯೂಸ್ ಬೈ' ಅಂತಿದ್ದರೆ ಆ ದಿನ ದಾಟಿದ ಮೇಲೆ ತಿನ್ನಬಾರದು, ಅಂಗಡಿಯವರು ಮಾರುವಂತೆಯೂ ಇಲ್ಲ. ಹಾಲು, ಪನೀರ್ ವಿಷಯದಲ್ಲಿ ಮೂಸಿ ನೋಡಿ ಪರವಾಗಿಲ್ಲ ಅನ್ನಬೇಡಿ, ಕಾಯಿಲೆ ತರುವ ಎಲ್ಲ ಬ್ಯಾಕ್ಟೀರಿಯಾಗಳೂ ವಾಸನೆ ಬರಿಸುವುದಿಲ್ಲ. 'ಬೆಸ್ಟ್ ಬಿಫೋರ್' ಅಂದರೆ ರುಚಿ, ಗರಿಗರಿ ಅಲ್ಲಿಯವರೆಗೆ ಚೆನ್ನಾಗಿರುತ್ತದೆ ಅಂತ. ಅದು ದಾಟಿ ವಾರವಾದ ಬಿಸ್ಕತ್ತು ಮೆತ್ತಗಾಗಿರಬಹುದು, ಅಷ್ಟೇ. ಸುಮ್ನೆ ಕಸಕ್ಕೆ ಎಸೆಯುವುದು ಯಾಕೆ? ಕೆಲವರು 'ಪ್ಯಾಕ್ ಮಾಡಿದ ದಿನದಿಂದ 6 ತಿಂಗಳು' ಅಂತ ಹಾಕಿ ಲೆಕ್ಕ ನಮಗೇ ಬಿಡುತ್ತಾರೆ, ಆಗ ಪ್ಯಾಕಿಂಗ್ ತಾರೀಖನ್ನೂ ಹುಡುಕಬೇಕು.

ಇಡುವ ಜಾಗದ ಬಗ್ಗೆ ಒಂದು ಸಾಲು ಸಣ್ಣ ಅಕ್ಷರದಲ್ಲಿ ಇದ್ದೇ ಇರುತ್ತದೆ. ಫ್ರಿಜ್‌ನಲ್ಲಿಡಿ ಅಂದಿರುವ ಮೊಸರನ್ನು ಮಧ್ಯಾಹ್ನವೆಲ್ಲಾ ಹೊರಗಿಟ್ಟರೆ ಮೇಲಿನ ತಾರೀಖಿಗೆ ಬೆಲೆಯೇ ಇಲ್ಲ. ಟೆಟ್ರಾ ಪ್ಯಾಕ್ ಹಾಲು ಉಲ್ಟಾ, ಒಡೆಯುವವರೆಗೆ ತಿಂಗಳುಗಟ್ಟಲೆ ಹೊರಗಿರುತ್ತದೆ, ಒಡೆದ ಮೇಲೆ ಫ್ರಿಜ್‌ಗೆ ಸೇರಬೇಕು, ಒಂದೆರಡು ದಿನದಲ್ಲಿ ಖಾಲಿ ಮಾಡಬೇಕು.

ಬ್ರೆಡ್ಡಿನ ಒಂದು ಹೋಳಿಗೆ ಬೂಸ್ಟು ಬಂದರೆ ತಾರೀಖು ನೋಡುತ್ತಾ ಕೂರಬೇಡಿ, ಇಡೀ ಪ್ಯಾಕೆಟ್ ಎಸೆಯಿರಿ. ಹಸಿರು ಚುಕ್ಕೆ ಕಿತ್ತು ಉಳಿದದ್ದನ್ನು ಟೋಸ್ಟ್ ಮಾಡುವ ಚಾಳಿ ನಮ್ಮನೆಯಲ್ಲೂ ಇತ್ತು, ಆದರೆ ಬೂಸ್ಟಿನ ಎಳೆಗಳು ಕಣ್ಣಿಗೆ ಕಾಣದಂತೆ ಒಳಗೆ ಹಬ್ಬಿರುತ್ತವೆ.

ತಾರೀಖು ಮುಗಿದ ಮಾಲು ಕೈಗೆ ಬಂದರೆ ಬಿಲ್ಲು, ಪ್ಯಾಕೆಟ್ ಎರಡರ ಫೋಟೋ ತೆಗೆದುಕೊಳ್ಳಿ. ಅಂಗಡಿಯವರು ಬದಲಿಸಿ ಕೊಡದಿದ್ದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಇನ್ನು ರವೆ, ಈಗ ತಂದ ದಿನವೇ ಹುರಿದು ಡಬ್ಬಿಗೆ ಹಾಕಿ ಮುಚ್ಚಳದ ಮೇಲೆ ಪೆನ್ನಲ್ಲಿ ದಿನ ಬರೆದಿಡುತ್ತಿದ್ದೇನೆ.