ಮೊದಲ ಹಡಗಿಗೆ ಚಿಕ್ಕ ದೋಣಿಯೇ ಸರಿ

ನಲವತ್ತು ದಾಟಿದ ಮೇಲೆ ಮರದ ಮಾದರಿ ಹಡಗು ಕಟ್ಟಬೇಕು ಅನ್ನಿಸಿದರೆ, ದಯವಿಟ್ಟು ಮೂರು ಕಂಬದ ದೊಡ್ಡ ಹಡಗಿಗೆ ಕೈ ಹಾಕಬೇಡಿ. ನನಗೂ ಆಸೆ ಇದ್ದದ್ದು ಎಚ್‌ಎಂಎಸ್ ಟ್ರಿಂಕೋಮಲಿ ಮೇಲೆ. ಮುಂಬಯಿಯಲ್ಲಿ ವಾಡಿಯಾ ಮನೆತನದವರು ತೇಗದಲ್ಲಿ ಕಟ್ಟಿ 1817ರಲ್ಲಿ ನೀರಿಗಿಳಿಸಿದ ಹಡಗು ಅದು. ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ಇವತ್ತಿಗೂ ತೇಲುತ್ತಿದೆ. ಆದರೆ ಅದರ ಹಗ್ಗದ ಕೆಲಸವೊಂದೇ ಹೊಸಬರನ್ನು ಸುಸ್ತು ಮಾಡುತ್ತದೆ.

ನಾನು ಆರಿಸಿಕೊಂಡಿದ್ದು ಡೋರಿ. ಉತ್ತರ ಅಟ್ಲಾಂಟಿಕ್‌ನಲ್ಲಿ ಕಾಡ್ ಮೀನು ಹಿಡಿಯುತ್ತಿದ್ದವರ ಚಪ್ಪಟೆ ತಳದ ದೋಣಿ. ಕೂರುವ ಹಲಗೆ ತೆಗೆದರೆ ಬಟ್ಟಲೊಳಗೆ ಬಟ್ಟಲಿಟ್ಟಂತೆ ಹಡಗಿನ ಮೇಲೆ ಪೇರಿಸಬಹುದಿತ್ತು. ನನ್ನ ಕಿಟ್ 1:24 ಅಳತೆಯದು. ಅಂದರೆ ಮಾದರಿಯ ಒಂದು ಸೆಂಟಿಮೀಟರ್ ನಿಜವಾದ ದೋಣಿಯಲ್ಲಿ 24 ಸೆಂಟಿಮೀಟರ್. ಈ ಅಳತೆಯಲ್ಲಿ ತುಂಡುಗಳು ಕೈಗೆ ಸಿಗುವಷ್ಟು ದೊಡ್ಡವು. ಚಾಳೀಸು ಬಂದ ಕಣ್ಣಿಗೆ ಇದು ಮುಖ್ಯ ಅಲ್ವಾ? ಜೊತೆಗೆ ಬೆಳಕಿರುವ ಒಂದು ಭೂತಗನ್ನಡಿ ತಗೊಳ್ಳಿ.

ಹಲಗೆ ಅಂಟಿಸುವುದಕ್ಕಿಂತ ಪಕ್ಕೆಗಳನ್ನು, ಅಂದರೆ ಹಲಗೆ ಕೂರುವ ಅಡ್ಡ ಚೌಕಟ್ಟುಗಳನ್ನು, ಉಜ್ಜುವುದಕ್ಕೇ ಜಾಸ್ತಿ ಸಮಯ ಕೊಡಬೇಕು. ಕಿಟ್‌ನಲ್ಲಿ ಪಕ್ಕೆಯ ಅಂಚು ನೇರವಾಗಿ ಕತ್ತರಿಸಿ ಬರುತ್ತದೆ. ಹಲಗೆ ಮಾತ್ರ ಮೂತಿಯ ಕಡೆಗೆ ಓರೆಯಾಗಿ ತಿರುಗುತ್ತದೆ. ಅಂಚನ್ನೂ ಅದೇ ಓರೆಗೆ ತರದಿದ್ದರೆ ಹಲಗೆ ಒಂದು ಮೂಲೆಗೆ ಮಾತ್ರ ತಾಗಿ ನಿಲ್ಲುತ್ತದೆ. ನಮ್ಮ ಬೀದಿಯ ಆಚಾರ್ರು ನೋಡಿದವರೇ ಹೇಳಿದರು: "ಮೇಷ್ಟ್ರೇ, ಹಲಗೇನ ಬಲವಂತ ಮಾಡಬೇಡಿ. ಅಂಚು ಸರಿ ಇದ್ರೆ ಅದೇ ಕೂರುತ್ತೆ." ಉದ್ದನೆ ಪಟ್ಟಿಗೆ ಸ್ಯಾಂಡ್ ಪೇಪರ್ ಅಂಟಿಸಿ, ಎರಡು ಮೂರು ಪಕ್ಕೆಗಳ ಮೇಲೆ ಒಟ್ಟಿಗೇ ಆಡಿಸಿ. ಆಗಾಗ ಒಂದು ತೆಳ್ಳನೆ ಪಟ್ಟಿಯನ್ನು ಪಕ್ಕೆಗಳ ಮೇಲೆ ಒತ್ತಿ ಹಿಡಿದು ನೋಡಿ. ಎಲ್ಲ ಪಕ್ಕೆಯ ಪೂರ್ತಿ ಅಗಲಕ್ಕೂ ಅದು ತಾಗಿದರೆ ಉಜ್ಜುವುದು ನಿಲ್ಲಿಸಿ. ಆ ಪಟ್ಟಿ ಮೂತಿಯಿಂದ ಹಿಂಬದಿವರೆಗೆ ಎಲ್ಲೂ ಎಡವದೆ ಬಳುಕಿದಾಗ ನನಗಾದ ಖುಷಿ ದೋಣಿ ಮುಗಿದಾಗಲೂ ಆಗಲಿಲ್ಲ.

ಹಲಗೆ ಬಾಗಿಸಲು ಬಿಸಿನೀರಿನಲ್ಲಿ ನೆನೆಸಿ, ದೋಣಿಗೇ ಕ್ಲಿಪ್ ಹಾಕಿ ಬಿಡಿ. ಬಟ್ಟೆ ಒಣಗಿಸುವ ಕ್ಲಿಪ್ ಸಾಕು. ಪೂರ್ತಿ ಒಣಗಿದ ಮೇಲೇ ಅಂಟು. ಒದ್ದೆ ಮರ ಒಣಗುವಾಗ ಅಗಲದಲ್ಲಿ ಕುಗ್ಗುತ್ತದೆ, ಸಂದಿ ಬೀಳುತ್ತದೆ. ಸಕಲೇಶಪುರದ ಮಳೆಗಾಲದಲ್ಲಿ ಸುಮ್ನೆ ಇಟ್ಟರೆ ಏನೂ ಒಣಗುವುದಿಲ್ಲ. ಬಟ್ಟೆಗೆ ಬೂಷ್ಟು ಹಿಡಿಯಬಾರದೆಂದು ಬೀರುವಿನಲ್ಲಿ ಬಲ್ಬ್ ಉರಿಸುತ್ತೇವಲ್ಲ, ನನ್ನ ದೋಣಿಯೂ ಅಲ್ಲೇ ಒಣಗಿತು.

ಅಂಟಿಗೆ ಫೆವಿಕಾಲ್ ಒಳ್ಳೆಯದು. ಹಿಡಿಯುವ ಮೊದಲು ಹಲಗೆಯನ್ನು ಆಚೀಚೆ ಸರಿಸಲು ಸಮಯ ಕೊಡುತ್ತದೆ. ಫೆವಿಕ್ವಿಕ್ ಆ ಅವಕಾಶ ಕೊಡುವುದಿಲ್ಲ.

ಮುಂದಿನದು ಒಂದೇ ಕಂಬದ ಹಾಯಿದೋಣಿ. ಅದಕ್ಕೆ ಕಿಟ್ ತರಿಸುವುದಿಲ್ಲ. ಚನ್ನಪಟ್ಟಣದ ಬೊಂಬೆ ಮಾಡುವ ಹಾಲೆ ಮರ ಬೆಳ್ಳಗೆ, ನುಣ್ಣಗೆ ಇರುತ್ತದೆ. ಅದರ ಒಂದು ತುಂಡು ಸಿಕ್ಕಿದೆ. ತೆಳ್ಳಗೆ ಸೀಳಿಕೊಡಲು ಆಚಾರ್ರು ಒಪ್ಪಿದ್ದಾರೆ. ಹಗ್ಗಕ್ಕೆ ಹತ್ತಿ ನೂಲು, ಅದರ ಜುಂಗು ಕೂರಿಸಲು ಜೇನುಮೇಣ. ಮೇಣ ನಮ್ಮಲ್ಲೇ ಸಿಗುತ್ತದೆ.