ಬಾಲಿಯಲ್ಲಿ ಕ್ರಿಸ್‌ಮಸ್ ಬ್ರಂಚ್: ಟೇಬಲ್ ಕಾದಿರಿಸುವ ಮುನ್ನ

ಡಿಸೆಂಬರ್ ರಜೆಗೆ ಬಾಲಿಗೆ ಹೊರಟವರ ಕಣ್ಣಿಗೆ ರೆಸಾರ್ಟ್‌ಗಳ ಕ್ರಿಸ್‌ಮಸ್ ಬ್ರಂಚ್ ಜಾಹೀರಾತು ಬಿದ್ದೇ ಬೀಳುತ್ತದೆ. ತಿಂಡಿ, ಮಧ್ಯಾಹ್ನದ ಊಟ ಎರಡನ್ನೂ ಒಂದೇ ಸಲಕ್ಕೆ ಮುಗಿಸುವ ಈ ಬಫೆ ಸಾಮಾನ್ಯವಾಗಿ 12ರ ಆಸುಪಾಸಿಗೆ ಶುರುವಾಗಿ 3ರ ಹೊತ್ತಿಗೆ ಮುಗಿಯುತ್ತದೆ. ಎಷ್ಟು ಬಗೆ ಇಟ್ಟಿದ್ದಾರೆ ಎಂಬುದಕ್ಕಿಂತ ನಿಮ್ಮ ಮನೆಯವರು ಎಷ್ಟನ್ನು ತಿನ್ನುತ್ತಾರೆ ಎಂಬುದನ್ನು ನೋಡಿ ಆರಿಸಿ.

ಮೊದಲು ನಿಮ್ಮದೇ ಹೋಟೆಲಿನ ಬುಕಿಂಗ್ ಚೀಟಿ ಓದಿ. ಡಿಸೆಂಬರ್ 24 ಅಥವಾ 31ರ ರಾತ್ರಿಯ ಗಾಲಾ ಡಿನ್ನರ್ ಅನ್ನು ಕೆಲವು ರೆಸಾರ್ಟ್‌ಗಳು ಕಡ್ಡಾಯ ಮಾಡಿ, ತಲೆಗಿಷ್ಟು ಎಂದು ಬಾಡಿಗೆಯ ಜೊತೆಗೇ ಸೇರಿಸಿರುತ್ತವೆ. 24ರ ರಾತ್ರಿ ಭಾರಿ ಊಟ ಮಾಡಿ 25ರ ಮಧ್ಯಾಹ್ನ ಮತ್ತೆ ಬಫೆಗೆ ಕೂತರೆ ಹಣವೂ ಹೊಟ್ಟೆಯೂ ಕೆಡುತ್ತದೆ. ಕೋಣೆಯ ಜೊತೆ ತಿಂಡಿ ಉಚಿತವಿದ್ದರೆ, ಆ ದಿನದ ತಿಂಡಿ ಬಿಟ್ಟು ಬ್ರಂಚ್ ದರದಲ್ಲಿ ಅಷ್ಟನ್ನು ಕಳೆಯುತ್ತಾರೆಯೇ ಎಂದು ಕೇಳಿ ನೋಡಿ. ಎಲ್ಲರೂ ಒಪ್ಪುವುದಿಲ್ಲ, ಕೇಳುವುದರಲ್ಲಿ ನಷ್ಟವಿಲ್ಲ.

ಇನ್ನು ದರ. ಮೆನುವಿನಲ್ಲಿ 650++ ಎಂದಷ್ಟೇ ಇದ್ದರೆ ಅದು 6,50,000 ರುಪಿಯಾ, ಅಂದರೆ ಇಂಡೋನೇಷ್ಯಾದ ಹಣ. ಪಕ್ಕದ ಆ ಎರಡು ಕೂಡು ಚಿಹ್ನೆಗಳೇ ಲೆಕ್ಕ ತಪ್ಪಿಸುವುದು: ಸಾಮಾನ್ಯವಾಗಿ ಶೇ 10 ಸೇವಾ ಶುಲ್ಕ, ಅದರ ಮೇಲೆ ಮತ್ತೆ ಶೇ 10 ತೆರಿಗೆ, ಒಟ್ಟು ಶೇ 21. ಅಪ್ಪ, ಅಮ್ಮ, ಅರ್ಧ ದರದ 9 ವರ್ಷದ ಮಗಳು, ದರವಿಲ್ಲದ 4 ವರ್ಷದ ಮಗ ಎಂದುಕೊಳ್ಳಿ. ಮೂಲ ದರ 16,25,000; ಬಿಲ್ ಬರುವುದು 19,66,250. ಸಾವಿರ ರುಪಿಯಾಗೆ ಸುಮಾರು ಐದೂವರೆ ರೂಪಾಯಿ ಎಂದಿಟ್ಟುಕೊಂಡು, ಮೂರು ಸೊನ್ನೆ ತೆಗೆದು ಐದೂವರೆಯಿಂದ ಗುಣಿಸಿದರೆ ಸುಮಾರು 10,800 ರೂಪಾಯಿ. ಮಕ್ಕಳ ವಯಸ್ಸಿನ ಮಿತಿ ಒಂದೊಂದು ಕಡೆ ಒಂದೊಂದು ಥರ. ಹಾಗಾಗಿ ‘ಮಕ್ಕಳಿಗೆ ರಿಯಾಯಿತಿ’ ಎಂಬ ಮಾತಿಗೆ ನಿಲ್ಲದೆ ವಯಸ್ಸು ಹೇಳಿಯೇ ದರ ಕೇಳಿ. ಮದ್ಯ ಬೇಡದವರು ‘ಫ್ರೀ ಫ್ಲೋ’ (ಬೇಕಾದಷ್ಟು ಕುಡಿಯುವ) ಪ್ಯಾಕೇಜ್ ಬಿಟ್ಟು ಬರಿಯ ಊಟದ ದರ ಪಡೆಯಿರಿ. ನೀರು, ಜ್ಯೂಸ್ ಅದರಲ್ಲಿ ಸೇರಿದೆಯೇ ಎಂದೂ ವಿಚಾರಿಸಿ.

ದೂರವನ್ನು ಕಿಲೋಮೀಟರಿನಲ್ಲಿ ಅಳೆಯಬೇಡಿ. ದ್ವೀಪದ ದಕ್ಷಿಣದ ರಸ್ತೆಗಳು ರಜೆಯಲ್ಲಿ ಕಿಕ್ಕಿರಿಯುತ್ತವೆ. ಚಂಗುವಿನಿಂದ ನುಸಾ ದುವಾಗೆ ಒಂದೂವರೆ ಗಂಟೆ ಹಿಡಿದರೂ ಅಚ್ಚರಿಯಿಲ್ಲ. ಹೊರಡುವ ದಿನದ ಬ್ರಂಚ್ ಆದರೆ ಜಿಂಬಾರನ್ ಅನುಕೂಲ, ವಿಮಾನ ನಿಲ್ದಾಣ ಹತ್ತಿರ. ಲಗೇಜ್ ಇಡಲು ಜಾಗವಿದೆಯೇ ಎಂದು ಮೊದಲೇ ಕೇಳಿರಿ. ಡಿಸೆಂಬರ್ ಮಳೆಗಾಲವೂ ಹೌದು: ಸಮುದ್ರದಂಚಿನ ಟೇಬಲ್ ಕೊಟ್ಟರೆ, ಮಳೆ ಬಂದಾಗ ಒಳಗೆ ಜಾಗ ಖಾತ್ರಿಯೇ ಎಂಬುದನ್ನು ವಾಟ್ಸ್‌ಆ್ಯಪ್‌ನಲ್ಲಿ ಬರಹದಲ್ಲೇ ಪಡೆಯಿರಿ.

ಸಸ್ಯಾಹಾರಿಗಳು ಎಡವುವುದು ಇಲ್ಲಿ. ಹಿಂದೂಗಳ ದ್ವೀಪ, ಸಸ್ಯಾಹಾರಕ್ಕೇನು ಕೊರತೆ ಎಂದುಕೊಂಡು ಹೋಗುತ್ತಾರೆ. ಆದರೆ ಬಾಲಿಯ ಹಬ್ಬದೂಟದ ಹೆಮ್ಮೆಯೇ ಬಾಬಿ ಗುಲಿಂಗ್, ಇಡಿಯಾಗಿ ಸುಟ್ಟ ಹಂದಿ. ಹೆಚ್ಚು ಮೋಸ ಮಾಡುವುದು ಲಾವರ್. ಸಣ್ಣಗೆ ಹೆಚ್ಚಿದ ಬೀನ್ಸ್, ತೆಂಗಿನ ತುರಿ ಬೆರೆತು ನಮ್ಮ ಹುರುಳಿಕಾಯಿ ಪಲ್ಯದಂತೆಯೇ ಕಾಣುತ್ತದೆ; ಒಳಗೆ ಕೊಚ್ಚಿದ ಮಾಂಸ, ಎಷ್ಟೋ ಸಲ ರಕ್ತವೂ ಇರುತ್ತದೆ. ಸಂಬಲ್ ಚಟ್ನಿಗಳಲ್ಲಿ ತೆರಾಸಿ, ಅಂದರೆ ಹುದುಗಿಸಿದ ಸಿಗಡಿಯ ಪೇಸ್ಟ್ ಸಾಮಾನ್ಯ. ನಾಸಿ ಗೊರೆಂಗ್ ಎಂಬ ಹುರಿದನ್ನದಲ್ಲೂ ಇರಬಹುದು. ಗಾಡೊ-ಗಾಡೊ ತರಕಾರಿಯದ್ದೇ, ಆದರೂ ಶೇಂಗಾ ಸಾಸ್‌ಗೆ ತೆರಾಸಿ ಹಾಕಿದ್ದಾರೆಯೇ ಕೇಳಿ. ಮೇಲಿಟ್ಟ ಕ್ರುಪುಕ್ ಸಿಗಡಿಯ ಹಪ್ಪಳವಾಗಿರಬಹುದು. ‘ವೆಜ್’ ಎಂದಷ್ಟೇ ಹೇಳದೆ ಇಂಡೋನೇಷ್ಯಾದ ಭಾಷೆಯಲ್ಲಿ ‘ತಾನ್ಪಾ ದಾಗಿಂಗ್, ತಾನ್ಪಾ ಇಕಾನ್, ತಾನ್ಪಾ ತೆರಾಸಿ’ ಎನ್ನಿ: ಮಾಂಸ, ಮೀನು, ತೆರಾಸಿ ಬೇಡ. ಮೊಟ್ಟೆಯೂ ಬೇಡವಾದರೆ ‘ತಾನ್ಪಾ ತೆಲೂರ್’ ಸೇರಿಸಿ. ಸೂಪಿನ ನೀರು ಕೋಳಿಯದ್ದೇ, ಸ್ಪ್ರಿಂಗ್ ರೋಲ್ ಸಿಗಡಿ ಕರಿದ ಎಣ್ಣೆಯಲ್ಲೇ ಬೆಂದಿದೆಯೇ, ಮೂಸ್ ಮತ್ತು ಜೆಲ್ಲಿಯಲ್ಲಿ ಪ್ರಾಣಿಮೂಲದ ಜೆಲಾಟಿನ್ ಇದೆಯೇ ಎಂಬುದನ್ನು ಎರಡು ದಿನ ಮುಂಚೆಯೇ ಕೇಳಿದರೆ ಅಡುಗೆಮನೆಯಿಂದ ಬೇರೆ ತಟ್ಟೆ ಬರುವ ಸಾಧ್ಯತೆ ಹೆಚ್ಚು. ಅಷ್ಟಾದರೂ ನಾಲ್ಕೈದು ಬಗೆಯಷ್ಟೇ ಸಿಗುವಂತಿದ್ದರೆ ಪೂರ್ತಿ ಬಫೆ ದರ ತೆರಬೇಡಿ. ಮೆನುವಿನಿಂದ ಬೇಕಾದ್ದನ್ನು ತರಿಸಿಕೊಳ್ಳುವುದೇ ಮೇಲು.

ಆ ದಿನ ಮಕ್ಕಳಿಗೆ 8 ಗಂಟೆಗೆ ಹಣ್ಣು, ಬ್ರೆಡ್ ಕೊಟ್ಟುಬಿಡಿ. 12ರವರೆಗೆ ಉಪವಾಸವಿಟ್ಟ ಮಗು ಮೊದಲ ತಟ್ಟೆ ಕೇಕ್ ತಿಂದು ಅಲ್ಲಿಗೇ ನಿಲ್ಲಿಸುತ್ತದೆ. ಬಾಗಿಲು ತೆರೆದ ಕೂಡಲೇ ಹೋಗಿ, ತಟ್ಟೆ ಹಿಡಿಯದೆ ಒಂದು ಸುತ್ತು ಹಾಕಿ. ಮಂಜುಗಡ್ಡೆಯ ಮೇಲಿಟ್ಟ ಸಿಗಡಿ, ಏಡಿ ತಿನ್ನುವುದಿದ್ದರೆ ಮೊದಲ ಅರ್ಧ ಗಂಟೆಯಲ್ಲೇ ತಿನ್ನಿ. ಮಂಜುಗಡ್ಡೆ ಕರಗಿ ನೀರಲ್ಲಿ ತೇಲುತ್ತಿದ್ದರೆ ಮುಟ್ಟಬೇಡಿ, ಹಸಿ ಆಯ್ಸ್ಟರ್ (ಸಿಂಪಿ) ಅಂತೂ ಮಕ್ಕಳಿಗೆ ಬೇಡವೇ ಬೇಡ. ಬಿಸಿಯಾಗಿ ಎದುರಿಗೇ ಮಾಡಿಕೊಡುವ ಕೌಂಟರಿಗೆ 1 ಗಂಟೆಯ ಮೇಲೆ ಸರದಿ ಬೆಳೆಯುತ್ತದೆ. ಬಿಲ್ ಬಂದಾಗ ಮುಂಗಡ ಕಳೆದಿದ್ದಾರೆಯೇ, ಮಗುವಿನ ದರ ಸರಿಯಿದೆಯೇ ನೋಡಿ. ಕಾರ್ಡ್ ಮಷಿನ್ ಯಾವ ಹಣದಲ್ಲಿ ಎಂದು ಕೇಳಿದರೆ ರುಪಿಯಾವನ್ನೇ ಒತ್ತಿ. ಅಲ್ಲೇ ರೂಪಾಯಿಗೆ ಬದಲಿಸಿಕೊಂಡರೆ ವಿನಿಮಯ ದರ ಸಾಮಾನ್ಯವಾಗಿ ದುಬಾರಿ.