ನಿಮ್ಮ ಪದವಿಪತ್ರ ಯಾವ ವಿಶ್ವವಿದ್ಯಾಲಯದ್ದು? ಕರಾವಳಿಯಿಂದ ಕೊಲ್ಲಿ ನಾಡಿಗೆ ಬಂದ ಹೊಸಬರಿಗೆ

ಮಂಗಳೂರು, ಉಡುಪಿ ಕಡೆಯಿಂದ ಇಲ್ಲಿಗೆ ಕೆಲಸಕ್ಕೆ ಬರುವ ನಮ್ಮವರಲ್ಲಿ ಕೆಲವರು ಅರ್ಜಿಯಲ್ಲಿ ವಿಶ್ವವಿದ್ಯಾಲಯದ ಹೆಸರು ಕೇಳಿದ ಕಡೆ ಕಾಲೇಜಿನ ಹೆಸರನ್ನು ಬರೆಯುತ್ತಾರೆ. ನಮ್ಮಲ್ಲಿ ಕಲಿಸುವುದು ಕಾಲೇಜು, ಪದವಿ ಕೊಡುವುದು ಆ ಕಾಲೇಜಿಗೆ ಸಂಯೋಜನೆ (ಅಫಿಲಿಯೇಷನ್) ನೀಡಿದ ವಿಶ್ವವಿದ್ಯಾಲಯ. ಈ ಪದ್ಧತಿಯನ್ನು ಅರಿಯದ ಪರಿಶೀಲಕರಿಗೆ ನಾವೇ ಅದನ್ನು ವಿವರಿಸಬೇಕಾಗುತ್ತದೆ. ಹಾಗೆ ವಿವರಿಸಲು ಮಂಗಳೂರು ವಿಶ್ವವಿದ್ಯಾಲಯ ಬೆಳೆದುಬಂದ ಬಗೆಯನ್ನು ತಿಳಿದಿರುವುದು ಅಗತ್ಯ.

ಕರಾವಳಿಯಲ್ಲಿ ಕಾಲೇಜುಗಳು ಮೊದಲು ಬಂದವು, ವಿಶ್ವವಿದ್ಯಾಲಯ ಬಹಳ ತಡವಾಗಿ ಬಂತು. ಸಂತ ಅಲೋಶಿಯಸ್ ಕಾಲೇಜು ಆರಂಭವಾದದ್ದು 1880ರಲ್ಲಿ, ಉಡುಪಿಯ ಎಂ.ಜಿ.ಎಂ. ಕಾಲೇಜು 1949ರಲ್ಲಿ; ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿದ್ದ ಆ ಕಾಲದಲ್ಲಿ ಪದವಿ ಬರುತ್ತಿದ್ದುದು ಮದ್ರಾಸ್ ವಿಶ್ವವಿದ್ಯಾಲಯದಿಂದ. 1968ರಲ್ಲಿ ಮೈಸೂರು ವಿಶ್ವವಿದ್ಯಾಲಯವು ಕೊಣಾಜೆಯ ಗುಡ್ಡದ ಮೇಲೆ ಸ್ನಾತಕೋತ್ತರ ಕೇಂದ್ರವೊಂದನ್ನು ತೆರೆಯಿತು, ಮೈಸೂರಿನ ಮಾನಸಗಂಗೋತ್ರಿಯ ಜಾಡಿನಲ್ಲಿ ಅದಕ್ಕೆ ಮಂಗಳಗಂಗೋತ್ರಿ ಎಂಬ ಹೆಸರು ಬಂತು. ಅಲ್ಲಿ ಕನ್ನಡ ವಿಭಾಗವನ್ನು ಕಟ್ಟಿದ ಎಸ್.ವಿ. ಪರಮೇಶ್ವರ ಭಟ್ಟರ ಹೆಸರನ್ನು ಇಂದಿನ ಕನ್ನಡ ಅಧ್ಯಯನ ಸಂಸ್ಥೆ ಹೊತ್ತುಕೊಂಡಿರುವುದು ತೀರ ಉಚಿತವೆಂದು ನನ್ನ ಭಾವನೆ, ಏಕೆಂದರೆ ಊರು ಬಿಟ್ಟು ದೂರ ಹೋಗಲಾಗದ ಮನೆಗಳ ಮಕ್ಕಳಿಗೆ ಎಂ.ಎ. ಓದು ಕೈಗೆಟುಕಿದ್ದು ಆ ಕೇಂದ್ರದಿಂದಲೇ. 1980ರ ಸೆಪ್ಟೆಂಬರ್ 10ರಂದು ಆ ಕೇಂದ್ರವೇ ಸ್ವತಂತ್ರ ಮಂಗಳೂರು ವಿಶ್ವವಿದ್ಯಾಲಯವಾಯಿತು. ಬಿ. ಶೇಖ್ ಅಲಿ ಅವರು ಮೊದಲ ಕುಲಪತಿಗಳು. ಅವಿಭಜಿತ ದಕ್ಷಿಣ ಕನ್ನಡ ಮತ್ತು ಕೊಡಗು ಆಗ ಅದರ ವ್ಯಾಪ್ತಿಯಾಗಿದ್ದವು.

ಆ ಬಳಿಕ ಅದರಿಂದ ಒಂದೊಂದೇ ಕವಲು ಬೇರೆಯಾಯಿತು. ವೈದ್ಯಕೀಯ ಶಿಕ್ಷಣಕ್ಕೆ 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ, ಇಂಜಿನಿಯರಿಂಗ್‌ಗೆ 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಕಾನೂನಿಗೆ 2009ರಲ್ಲಿ ಹುಬ್ಬಳ್ಳಿಯ ರಾಜ್ಯ ಕಾನೂನು ವಿಶ್ವವಿದ್ಯಾಲಯ ಬಂದವು. ಮಣಿಪಾಲ 1993ರಲ್ಲಿಯೇ ತಾನೇ ಪದವಿ ಕೊಡಬಲ್ಲ ಸ್ವಾಯತ್ತ ಡೀಮ್ಡ್ ವಿಶ್ವವಿದ್ಯಾಲಯದ ಸ್ಥಾನ ಪಡೆದಿತ್ತು, ಕೊಡಗಿಗೆ 2023ರಲ್ಲಿ ಸ್ವಂತ ವಿಶ್ವವಿದ್ಯಾಲಯವಾಯಿತು. ಹೀಗಾಗಿ ಸುರತ್ಕಲ್‌ನ ಕೆ.ಆರ್.ಇ.ಸಿ. ಇಂಜಿನಿಯರಿಂಗ್ ಕಾಲೇಜಿನಲ್ಲಿ 1990ರ ಸುಮಾರಿಗೆ ಓದಿದ ಅಣ್ಣನ ಪದವಿ ಮಂಗಳೂರು ವಿಶ್ವವಿದ್ಯಾಲಯದ್ದು, ಅದೇ ಸಂಸ್ಥೆ ಎನ್.ಐ.ಟಿ.ಕೆ. (ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆ, ಕರ್ನಾಟಕ) ಆದ ಮೇಲೆ ಓದಿದ ತಮ್ಮನದು ಆ ಸಂಸ್ಥೆಯದೇ. ನೆನಪನ್ನು ನಂಬಿ ಬರೆಯದೆ, ಪದವಿಪತ್ರದಲ್ಲಿ ಅಚ್ಚಾಗಿರುವ ಹೆಸರನ್ನೇ ಅಕ್ಷರಶಃ ಬರೆಯಿರಿ. ಕಾಲೇಜಿನ ಹೆಸರಿಗೆ ಬೇರೆ ಜಾಗವಿದ್ದರೆ ಅಲ್ಲಿ ಮಾತ್ರ ನಮೂದಿಸಿ.

ಮೂಲ ಪದವಿಪತ್ರ ಮತ್ತು ಎಲ್ಲ ಸೆಮಿಸ್ಟರ್‌ಗಳ ಅಂಕಪಟ್ಟಿಗಳನ್ನು ಊರು ಬಿಡುವ ಮೊದಲೇ ಒಟ್ಟುಗೂಡಿಸಿಕೊಂಡವರಿಗೆ ಕಷ್ಟ ಕಡಿಮೆ. ಮಂಗಳೂರು ವಿಶ್ವವಿದ್ಯಾಲಯದ ಪತ್ರಗಳು ಬಾಕಿಯಿದ್ದರೆ ಕಾಲೇಜಿಗೆ ಅಲೆಯುವುದರಿಂದ ಪ್ರಯೋಜನವಿಲ್ಲ, ಅದು ಕೊಣಾಜೆಯಲ್ಲಿರುವ ಪರೀಕ್ಷಾಂಗ ಕುಲಸಚಿವರ ಕಚೇರಿಗೆ ಸೇರಿದ ಕೆಲಸ. ಮನೆಯವರನ್ನು ಕಳುಹಿಸುವುದಾದರೆ ನಿಮ್ಮ ಸಹಿಯಿರುವ ಅಧಿಕಾರ ಪತ್ರ, ನೋಂದಣಿ ಸಂಖ್ಯೆ ಮತ್ತು ತೇರ್ಗಡೆಯಾದ ವರ್ಷವನ್ನು ಅವರ ಕೈಗೆ ಕೊಟ್ಟು, ತೊಕ್ಕೊಟ್ಟು ಮಾರ್ಗವಾಗಿ ಬೆಳಿಗ್ಗೆಯೇ ಹೊರಡುವಂತೆ ಹೇಳಿರಿ.